ಮೇಟಗಳ್ಳಿಯ ರಕ್ತಪರೀಕ್ಷೆ ಮತ್ತು ಪ್ರೇಮಲೀಲಾ ಮೇಡಂ

ಸೀಸದ ವಿಷವೆಂದರೆ ಮಿದುಳು, ಮೂತ್ರಪಿಂಡಗಳ ಮಾತಷ್ಟೇ ಎಂದು ನಂಬಿದ್ದವರಿಗೆ, ಅದು ರೋಗಾಣುಗಳನ್ನು ನುಂಗಿ ಕೊಲ್ಲಬೇಕಾದ ಬಿಳಿ ರಕ್ತಕಣಗಳ ಕಸುವನ್ನೂ ಕುಂದಿಸುತ್ತದೆಂದು ಮೈಸೂರಿನಲ್ಲಿ ಪಟ್ಟುಬಿಡದೆ ಹೇಳುತ್ತಾ ಬಂದವರು ಡಾ. ಪ್ರೇಮಲೀಲಾ ಅವರು. ಮೂವತ್ತೆರಡು ವರ್ಷಗಳ ಅಧ್ಯಾಪನದ ಬಳಿಕ ನಿವೃತ್ತರಾಗುತ್ತಿರುವ ಅವರನ್ನು ಹೊಗಳಲು ಪ್ರಶಸ್ತಿಗಳ ಪಟ್ಟಿಯೇ ಸಾಕು. ಅವರ ಶಿಷ್ಯ ಷಡಕ್ಷರಿಗೆ ಮಾತ್ರ ನೆನಪಾಗುವುದು ಅವರು ಅಚ್ಚಿಗೆ ಕೊಡದೆ ತಡೆಹಿಡಿದ ಒಂದು ಪ್ರಬಂಧ.

ಹನ್ನೆರಡು ವರ್ಷಗಳ ಹಿಂದೆ ಮೇಟಗಳ್ಳಿಯಲ್ಲಿ ಹಳೆಯ ಬ್ಯಾಟರಿ ಕರಗಿಸಿ ಸೀಸ ತೆಗೆಯುವ ಕಾರ್ಖಾನೆಯೊಂದರ ನಲವತ್ತು ಕಾರ್ಮಿಕರ ರಕ್ತ ತರುವ ಹೊಣೆ ಷಡಕ್ಷರಿಯದಾಗಿತ್ತು. ಬಿಸಿಲಿಗೆ ಕೆಡದಿರಲೆಂದು ಆತ ಟ್ಯೂಬುಗಳನ್ನು ಐಸ್ ಡಬ್ಬಿಯಲ್ಲಿಟ್ಟು ತಂದ. ಹೋಲಿಕೆಗೆಂದು ತೆಗೆದ ಪ್ರಯೋಗಾಲಯದವರ ರಕ್ತವನ್ನು ಮಾತ್ರ ಐಸಿನಲ್ಲಿಡದೆ ಆಗಿಂದಾಗಲೇ ಪರೀಕ್ಷಿಸಿದ. ಕಾರ್ಮಿಕರ ಕಣಗಳು ತೀರಾ ದುರ್ಬಲವಾಗಿ ಕಂಡವು. ಪದೇಪದೇ ಜ್ವರ, ಮಾಯದ ಗಾಯಗಳಿಂದ ನರಳುತ್ತಿದ್ದ ಕುಲುಮೆಯ ಕಾರ್ಮಿಕ ಮೂಗಯ್ಯನವರಿಗೆ, ಇದನ್ನು ಕಾರ್ಖಾನೆಯವರಿಗೆ ತೋರಿಸಿಯಾದರೂ ಬೇರೆ ಕೆಲಸಕ್ಕೆ ಹೋಗಬಹುದೆಂಬ ಆಸೆ ಹುಟ್ಟಿತು.

ಅಷ್ಟು ಸಲೀಸಾದ ಫಲಿತಾಂಶ ಕಂಡು ಮೇಡಂ ಅವರಿಗೆ ಅನುಮಾನ ಬಂತು. ತಮ್ಮ ರಕ್ತವನ್ನೇ ತೆಗೆಸಿ, ಅದೇ ಡಬ್ಬಿಯಲ್ಲಿ ಎರಡು ಗಂಟೆ ಇರಿಸಿ ನೋಡಿದರು. ಅವರ ಕಣಗಳೂ ಮಂಕಾಗಿದ್ದವು. ಈ ಕಣಗಳಿಗೆ ತಂಪು ಆಗದೆಂಬುದನ್ನು ಷಡಕ್ಷರಿ ಓದಿಯೇ ಇರಲಿಲ್ಲ.

ಮೇಡಂ ಪ್ರಬಂಧವನ್ನು ತಡೆದರು, ಕಾರ್ಮಿಕರನ್ನೆಲ್ಲ ಸೇರಿಸಿ ಕೈಮುಗಿದರು.

"ತಪ್ಪು ನನ್ನದು. ಈ ಪರೀಕ್ಷೆ ನಂಬೋ ಹಾಗಿಲ್ಲ. ಮತ್ತೆ ರಕ್ತ ಕೊಡಿ ಅಂತ ಕೇಳೋಕೆ ಮುಖ ಇಲ್ಲ, ಆದ್ರೂ ಕೇಳ್ತಿದೀನಿ."

ಷಡಕ್ಷರಿಯ ಹೆಸರು ಅವರ ಬಾಯಿಂದ ಬರಲಿಲ್ಲ. ತಾನಾಗಿ ಎದ್ದು ಹೇಳುವ ಧೈರ್ಯ ಆತನಿಗೂ ಬರಲಿಲ್ಲ. ಗುಜುಗುಜು ಎದ್ದಿತು, ಕೆಲವರು ಹೊರಟೂಬಿಟ್ಟರು. ಮೂಗಯ್ಯನವರು ಮುಂದೆ ಬಂದು ಅಂಗಿಯ ತೋಳು ಮಡಚಿದರು.

"ನಂಗೆ ಬೇಕಾಗಿರೋದು ನಿಜ ಕಣಮ್ಮಾ. ತಗೊಳಿ. ಈ ಸಲ ಸರ್ಯಾಗಿ ನೋಡ್ಬುಡಿ."

ಸೂಕ್ಷ್ಮದರ್ಶಕವೇ ಕಾರ್ಖಾನೆಯ ಪಕ್ಕದ ಕೋಣೆಗೆ ಬಂತು. ಉಳಿದ ಕಾರ್ಮಿಕರ ರಕ್ತವನ್ನೂ ಪ್ರಯೋಗಾಲಯದವರ ರಕ್ತವನ್ನೂ ಅಲ್ಲೇ, ಒಂದೇ ಬಗೆಯಲ್ಲಿ ಪರೀಕ್ಷಿಸಲಾಯಿತು. ಕಾರ್ಮಿಕರ ಕಣಗಳಲ್ಲಿ ಮೊದಲು ಕಂಡಿದ್ದ ಕೊರತೆ ಅರ್ಧಕ್ಕಿಳಿಯಿತಾದರೂ ಅಳಿಯಲಿಲ್ಲ. ಆ ಅರ್ಧವನ್ನು ಅಲ್ಲಗಳೆಯಲು ಕಾರ್ಖಾನೆಯವರಿಂದಲೂ ಆಗಲಿಲ್ಲ. ಮೂಗಯ್ಯನವರಿಗೆ ಕುಲುಮೆ ತಪ್ಪಿ ಉಗ್ರಾಣದ ಕೆಲಸ ಸಿಕ್ಕಿತು.

ಇನ್ನು ದಟ್ಟಗಳ್ಳಿಯ ಮನೆಯಲ್ಲಿ ವಿಶ್ರಾಂತಿ ಎನ್ನುತ್ತಾರೆ ಮೇಡಂ. ಅವರನ್ನು ಬಲ್ಲ ಯಾರೂ ನಂಬಿಲ್ಲ. ಆಯುಸ್ಸು, ಆರೋಗ್ಯ ಅವರಿಗೆ ತುಂಬಿ ಬರಲಿ, ಪರೀಕ್ಷೆಗಳು ಮುಂದುವರಿಯಲಿ. ಅಭಿನಂದನೆಯ ದಿನ ಮುಂದಿನ ಸಾಲಿನಲ್ಲಿ ಕೂರಲಿರುವ ಮೂಗಯ್ಯನವರಿಗೆ ಇದನ್ನು ಬರೆಯುತ್ತಿರುವ ಷಡಕ್ಷರಿ ಇಲ್ಲೇ ಅರಿಕೆ ಮಾಡಿಕೊಳ್ಳುತ್ತಾನೆ: ಅಂದಿನ ತಪ್ಪು ಮೇಡಂ ಅವರದಲ್ಲ, ತನ್ನದು.