ಕೆಲಸದವಳ ಪಾತ್ರದ ನಟಿ

ಎಂಬತ್ತರ ದಶಕದ ಶುರುವಿನಲ್ಲಿ ಬಹರೈನಿನ ಮನಾಮಾದ ದೊಡ್ಡ ಹೋಟೆಲುಗಳಿಗೆ ಲಂಡನ್ನಿನಿಂದ ನಾಟಕದ ತಂಡಗಳು ಬರುತ್ತಿದ್ದವು. ಕಂಪನಿ ಬಂಗಲೆಗಳ ಬಿಳಿಯರು ಹೊಟ್ಟೆ ಬಿರಿಯ ತಿಂದು, ಕುಡಿದು, ಅರೆಗಣ್ಣಿನಲ್ಲಿ ನಾಟಕ ನೋಡಿ ಅದನ್ನು ಸಂಸ್ಕೃತಿ ಎನ್ನುತ್ತಿದ್ದರು. ನಮ್ಮೂರ ಬಯಲಾಟದಲ್ಲಿ ನಿದ್ದೆ ಬಂದವನು ಚಾಪೆ ಹಾಸಿ ಮಲಗುತ್ತಾನೆ. ಅಷ್ಟು ಪ್ರಾಮಾಣಿಕತೆಯೂ ಇವರಿಗಿರಲಿಲ್ಲ.

ಅಂಥ ಒಂದು ತಂಡದ ನಟಿಯನ್ನು ಹೋಟೆಲಿನ ಲಾಂಡ್ರಿಯಲ್ಲಿದ್ದ ನನ್ನ ಭಾವ ಸೂಕಿನಲ್ಲಿದ್ದ, ಅಂದರೆ ಅಲ್ಲಿನ ಪೇಟೆಯಲ್ಲಿದ್ದ, ನನ್ನ ಬಟ್ಟೆ ಅಂಗಡಿಗೆ ಕರೆತಂದ. ಇಸ್ತ್ರಿಯಲ್ಲಿ ಅವಳ ವೇಷದ ಏಪ್ರನ್ ಸುಟ್ಟಿತ್ತು. ಸಂಜೆಯೊಳಗೆ ಹೊಸದು ಬೇಕಿತ್ತು. ವಯಸ್ಸು ಅರುವತ್ತರ ಆಚೀಚೆ. ಬಿಳಿ ಪಾಪ್ಲಿನ್ ಅಳೆಯುತ್ತಾ, ಇಷ್ಟು ವರ್ಷ ಏನೇನು ಪಾತ್ರ ಮಾಡಿದಿರಿ ಎಂದು ಕೇಳಿದೆ. ನಾಟಕಗಳಲ್ಲಿ ಮನೆಕೆಲಸದವಳು, ಸಿನಿಮಾಗಳಲ್ಲಿ ಸಿಡುಕು ಮೋರೆಯ ನೆರೆಮನೆಯವಳು, ಟೀವಿಯಲ್ಲಿ ಆಸ್ಪತ್ರೆಯ ಆಯಾ, ಒಮ್ಮೆ ಹೆಣ.

"ಹೆಣದ ಪಾತ್ರವನ್ನು ಎಲ್ಲರೂ ಮೆಚ್ಚಿದರು" ಎಂದಳು, ಹೆಮ್ಮೆಯಿಂದ.

ಕಪಾಟಿನಲ್ಲೇ ಉಳಿದ ಮಾಲಿಗೆ ಧೂಳು ಹಿಡಿಯುವುದು ಸಹಜ. ಧೂಳನ್ನೇ ಪದಕವೆಂದುಕೊಂಡ ಮಾಲನ್ನು ನಾನು ಅವತ್ತೇ ನೋಡಿದ್ದು.

ಭಾವ ಕನ್ನಡದಲ್ಲಿ ಹೇಳಿದ: "ಇವತ್ತು ಇವರಿಗೆ ಚಾನ್ಸ್ ಉಂಟು ಮಾರಾಯ. ಮನೆಯೊಡತಿಯ ಪಾರ್ಟಿನವಳಿಗೆ ಗಂಟಲು ಕಟ್ಟಿ ಸ್ವರವೇ ಇಲ್ಲ. ಆದ್ರೆ ಇವರು ಹೋಗಿ ಕೇಳುವ ಜನ ಅಲ್ಲ."

ಹೌದೇ ಎಂದು ಅವಳನ್ನೇ ಕೇಳಿದೆ. "ಒಮ್ಮೆಯಾದರೂ ದೊಡ್ಡ ಪಾತ್ರ ಮಾಡಬೇಕೂಂತ ಆಸೆ. ತಂಡದ ಯಜಮಾನರೇ ಕರೀಬಹುದು, ಕಾಯ್ತಿದ್ದೇನೆ" ಎಂದಳು.

"ಕಾದರೆ ಬಸ್ಸು ಬರ್ತದೆ ಮೇಡಂ, ಪಾರ್ಟು ಬರುವುದಿಲ್ಲ."

ಅಂಗಡಿಯ ಎದುರೇ ಅವಳಿಗೆ ಪಾಠ ಸಿಕ್ಕಿತು. ಒಬ್ಬ ಗಿರಾಕಿ ರೇಟು ಒಪ್ಪದೆ ಎದ್ದು ಹೊರಟ. ನಮ್ಮ ಸೂಕಿನಲ್ಲಿ ಹಾಗೆ ಹೊರಟವನು ಪಕ್ಕದ ಅಂಗಡಿ ಮುಟ್ಟುವ ಮೊದಲು "ತಾಲ್, ತಾಲ್" ಎಂದು ವಾಪಸು ಕರೆಯುವುದು ರೂಢಿ. ಕರೆದೆ, ಬಂದ, ವ್ಯಾಪಾರ ಕುದುರಿತು.

"ಕಂಡಿರಲ್ಲ? ನೀವೂ ಹೋಗಿ ಕೇಳಿ. ಆಗುವುದಿಲ್ಲ ಅಂದ್ರೆ, ಈ ಏಪ್ರನ್ನನ್ನೂ ಬೇರೆ ಯಾರಿಗಾದ್ರೂ ಕಟ್ಟಿ ಅಂತ ಹೇಳಿ ಹೊರಡಿ. ನಿಧಾನಕ್ಕೆ. ಬಾಗಿಲ ಹತ್ರ ನಿಂತು ಬ್ಯಾಗಿನಲ್ಲಿ ಏನಾದ್ರೂ ಹುಡುಕಿ. ಕರೀತಾರೆ."

ಹೊಲಿಸಿದ ಏಪ್ರನ್ ಹಿಡಿದು ಸಂಜೆ ನಾನೇ ಹೋಟೆಲಿಗೆ ಹೋದೆ. ತಂಡದ ಯಜಮಾನ ಹೆಂಡತಿಯ ಜೊತೆ ಕಾಫಿ ಶಾಪಿನಲ್ಲಿ ಕಾಲು ಚಾಚಿ ಕೂತಿದ್ದ. ನಟಿ ಎದುರು ನಿಂತು ಕೇಳಿಯೇಬಿಟ್ಟಳು.

"ನಿನ್ನ ಮುಖ ನೋಡಿದ್ರೆ ಜನಕ್ಕೆ ಚಹಾ ನೆನಪಾಗ್ತದಮ್ಮ" ಎಂದು ಅವನು ನಕ್ಕ.

ನಾನು ಕಲಿಸಿದ ಮಾತನ್ನು ಅವಳು ಒಂದಕ್ಷರ ಬಿಡದೆ ಹೇಳಿ ತಿರುಗಿದಳು. ಆಮೇಲೆ ಅವಳು ನಡೆದು ಹೋದ ರೀತಿಯನ್ನು ಏನೆಂದು ಹೇಳಲಿ! ಬೆನ್ನು ನೆಟ್ಟಗೆ, ಹೆಜ್ಜೆ ಚುರುಕು, ಬಾಗಿಲು ಸಹ ಸದ್ದಾಗದಂತೆ ಮುಚ್ಚಿತು. ಜನ್ಮವಿಡೀ ಟ್ರೇ ಇಟ್ಟು ಮಾಯವಾಗುವುದನ್ನೇ ಅಭ್ಯಾಸ ಮಾಡಿದವಳು! ಯಜಮಾನ ಕೈಯೆತ್ತಿ ಬಾಯಿ ತೆರೆಯುವಷ್ಟರಲ್ಲಿ ಅಲ್ಲಿ ಯಾರೂ ಇರಲಿಲ್ಲ. "ಬಿಡಿ, ಒಡತಿಯ ಪಾರ್ಟನ್ನು ನಾನೇ ಪುಸ್ತಕ ನೋಡಿ ಓದ್ತೇನೆ" ಎಂದಳು ಅವನ ಹೆಂಡತಿ. ಅಲ್ಲಿಗೆ ಮುಗಿಯಿತು.

"ಕರೀಲೇ ಇಲ್ಲ" ಎಂದಳು ನಟಿ, ಹಿಂದೆಯೇ ಹೊರಗೆ ಬಂದ ನನ್ನನ್ನು ಕಂಡು.

"ಕರೀಲಿಕ್ಕೆ ನೀವೆಲ್ಲಿದ್ರಿ?"

ಓದುವವರು ನೆನಪಿಡಬೇಕು: ಕೇಳುವುದನ್ನು ಕಲಿತರೆ ಸಾಲದು, ಕೇಳಿದ ಮೇಲೆ ಕಣ್ಣಳತೆಯಲ್ಲೇ ಇರುವುದನ್ನೂ ಕಲಿಯಬೇಕು. ಅವಳು ಏಪ್ರನ್ ಇಸಿದುಕೊಂಡು ಅಲ್ಲೇ ಕಟ್ಟಿಕೊಂಡಳು.

ಆಟವನ್ನು ಭಾವನ ಜೊತೆ ಹಿಂದೆ ನಿಂತು ನೋಡಿದೆ. ಯಜಮಾನನ ಹೆಂಡತಿ ರೇಷ್ಮೆ ಗೌನು ತೊಟ್ಟು ಶಾಲೆಯ ಮಗುವಿನ ಹಾಗೆ ಓದಿದಳು. ನಡುವೆ ಪುಟ ತಪ್ಪಿ ತೊದಲಿದಳು. ಕೆಲಸದವಳು ಚಹಾ ಇಡುವ ನೆಪದಲ್ಲಿ ಬಗ್ಗಿ ಮುಂದಿನ ಮಾತನ್ನು ಪಿಸುಗುಟ್ಟಿದಳು. ಅವಳು ಇನ್ನೊಮ್ಮೆ ತೊದಲಿದಳು, ಇವಳು ಇನ್ನೊಮ್ಮೆ ಬಗ್ಗಿದಳು. ಒಡತಿಯ ಇಡೀ ಪಾತ್ರ ಇವಳಿಗೆ ಬಾಯಿಪಾಠ! ಜನ ರೇಷ್ಮೆ ಗೌನಿಗೆ ಚಪ್ಪಾಳೆ ತಟ್ಟಿದರು.

ನಾನು ಹೊರಟೆ. "ಊಟ ಉಂಟು ಮಾರಾಯ, ನಿಲ್ಲು" ಎಂದ ಭಾವ.

"ಆ ಹೆಂಗಸು ಇದ್ದ ಮಾಲನ್ನೆಲ್ಲ ಬಿಟ್ಟಿ ಹಂಚುವ ಕಡೆ ನನಗೆಂತ ಕೆಲಸ?" ಎಂದು ಹೇಳಿ ಅಡುಗೆಮನೆಯ ಬಾಗಿಲಿನಿಂದ ಹೊರಬಿದ್ದೆ.