ಎರಡು ಸಿಕ್ಕರೆ ಕೇಳು

ಮಲ್ಲಪ್ಪ ಸರ್ ಆ ಒಂದು ಸಾಲನ್ನು ಬರೆದಿದ್ದರೋ, ಬರೆಯಲು ಮರೆತಿದ್ದರೋ ಎಂಬುದು ನನಗೆ ಬಹಳ ದಿನ ಖಚಿತವಿರಲಿಲ್ಲ. ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದ ನನಗೆ ನೆನಪಿನ ಮೇಲೆ ನಂಬಿಕೆ ಕಡಿಮೆ. ನನ್ನದರ ಮೇಲಂತೂ ಇನ್ನೂ ಕಡಿಮೆ. ಸಂಶಯವಿಲ್ಲದೆ ನೆನಪಿರುವುದು ಅವರ ಪೆನ್ನು. ಯಾರಾದರೂ ಒಂದು ಹೆಸರು ಹೇಳಿದರೆ ಸಾಕು, ಅದು ಮೇಲೇಳುತ್ತಿತ್ತು.

"ಸರ್, ಪ್ರಸಾದ್ ಫೋನ್ ಮಾಡಿದ್ರು."

"ಯಾವ ಪ್ರಸಾದ? ಈ ಊರಾಗ ಒಂದು ಬಸ್ಸಿನ್ಯಾಗ ನಾಕು ಮಂದಿ ಪ್ರಸಾದ ಇರ್ತಾರ."

ಮಲ್ಲಪ್ಪ ಸರ್ ಇಳಕಲ್ಲಿನ ಕಡೆಯವರು. ಬ್ಯಾಂಕಿನಲ್ಲಿ ವರ್ಗವಾಗಿ ವಿಜಯವಾಡಕ್ಕೆ ಬಂದು, ನಿವೃತ್ತರಾದ ಮೇಲೆ ವಿಶಾಖಪಟ್ಟಣದ ಪೆಂಡುರ್ತಿಯಲ್ಲಿ ಮಗಳ ಮನೆಯಲ್ಲಿದ್ದರು. ಅವರು ಕನ್ನಡದಲ್ಲಿ ಕರೆದರೆ ಮೊಮ್ಮಗಳು ತೆಲುಗಿನಲ್ಲಿ ಓಗೊಡುತ್ತಿದ್ದಳು. ಸುಮ್ಮನೆ ಕೂರಲಾರದೆ ನಮ್ಮ ಸಣ್ಣ ಸಾಫ್ಟ್‌ವೇರ್ ಕಚೇರಿಗೆ ವಿವರಣೆ ಬರೆಯುವ ಕೆಲಸಕ್ಕೆ ಸೇರಿದರು.

ಗ್ರಾಹಕರ ದೂರುಗಳನ್ನು ಕಂಪನಿಗಳು ನೋಡಿಕೊಳ್ಳಲು ಬಳಸುವ ಸಾಫ್ಟ್‌ವೇರ್ ನಮ್ಮದು. ದೂರನ್ನು ಓದಿ, ಅದನ್ನು ಯಾವ ಸಿಬ್ಬಂದಿಗೆ ಕಳಿಸಬೇಕೆಂದು ತೀರ್ಮಾನಿಸುವುದು ಎಐ ಏಜೆಂಟ್. ಸಿಬ್ಬಂದಿಯನ್ನು ಹೆಸರಿನಿಂದ ಹುಡುಕಲು ಅದಕ್ಕೊಂದು ಟೂಲ್ ಕೊಟ್ಟಿದ್ದೆವು. ಆ ಟೂಲನ್ನು ಯಾವಾಗ, ಹೇಗೆ ಬಳಸಬೇಕೆಂಬುದು ಏಜೆಂಟ್‌ಗೆ ತಿಳಿಯುವುದು ನಾವು ಬರೆದ ವಿವರಣೆಯಿಂದಷ್ಟೇ. ಮಲ್ಲಪ್ಪ ಸರ್ ಅದನ್ನು ಹೊಸದಾಗಿ ಸೇರಿದ ಗುಮಾಸ್ತನಿಗೆ ಹೇಳುವಂತೆ ಬರೆಯುತ್ತಿದ್ದರು. ನಾನು ತಿದ್ದುವವನು.

"ಇಷ್ಟುದ್ದ ಯಾರು ಓದ್ತಾರೆ ಸರ್?"

"ಮಿಷನ್ ಓದತೈತಲ್ಲೋ ತಮ್ಮಾ. ಬ್ಯಾಸರ ನಿನಗ, ಅದಕ್ಕಲ್ಲ."

ಅವರ ಎಚ್ಚರಕ್ಕೆ ಒಂದು ಕಾರಣವಿತ್ತು. ವಿಜಯವಾಡದ ಆಟೋನಗರದ ಶಾಖೆಯಲ್ಲಿದ್ದಾಗ ಒಬ್ಬ ಖಾತೆದಾರ ತೀರಿಕೊಂಡ ಕಾಗದ ಬಂದಿತ್ತು. ಇನಿಷಿಯಲ್ ಸಮೇತ ಅದೇ ಹೆಸರಿನವರು ಇಬ್ಬರಿದ್ದರು. ಇವರು ಮೊದಲು ಕಂಡ ಹೆಸರಿನ ಮುಂದೆ 'ಮೃತ' ಎಂದು ಗುರುತು ಹಾಕಿದರು. ವಾರ ಕಳೆದು ಆ ಮನುಷ್ಯ ಗ್ರೀಸ್ ಮೆತ್ತಿದ ಕೈಯಲ್ಲೇ ಕೌಂಟರಿಗೆ ಬಂದು ನಿಂತ. "ಬತಿಕೇ ಉನ್ನಾನು ಸಾರ್" ಅಂದನಂತೆ, ಬದುಕೇ ಇದ್ದೇನೆ ಸಾರ್ ಎಂದು. ಒಮ್ಮೆ ಹೇಳುವಾಗ ಅವನು ನಗುತ್ತಿದ್ದ, ಇನ್ನೊಮ್ಮೆ ಹೇಳುವಾಗ ಅವನ ಕಣ್ಣಲ್ಲಿ ನೀರಿತ್ತು. ಯಾವುದು ನಿಜವೋ ತಿಳಿಯದು. ಕತೆಯ ಕೊನೆ ಮಾತ್ರ ಬದಲಾಗುತ್ತಿರಲಿಲ್ಲ: "ಎರಡು ಸಿಕ್ಕರ ಆರಿಸಬ್ಯಾಡ. ಕೇಳು."

ರೋಗಿಗಳ ಮನೆಯಲ್ಲಿ ಆಕ್ಸಿಜನ್ ಯಂತ್ರ ಇಟ್ಟು ನೋಡಿಕೊಳ್ಳುವ ವಿಜಯವಾಡದ ಒಂದು ಕಂಪನಿ ನಮ್ಮ ಗಿರಾಕಿ. ಒಂದು ದಿನ ಕೊಂಡಪಲ್ಲಿಯಿಂದ ಒಬ್ಬ ಹೆಂಗಸು ಅವರಿಗೆ ಸಂದೇಶ ಕಳಿಸಿದರು: ಯಂತ್ರ ನಿಂತಿದೆ, ಹೋದ ಸಲ ಬಂದಿದ್ದ ಶ್ರೀನಿವಾಸರಾವ್ ಅವರನ್ನು ಕಳಿಸಿ. ಆ ಹೆಸರಿನವರು ಇಬ್ಬರಿದ್ದರು. ಏಜೆಂಟ್ ಕೇಳಲಿಲ್ಲ, ಪಟ್ಟಿಯಲ್ಲಿ ಮೊದಲಿದ್ದವನಿಗೆ ಕೆಲಸ ಒಪ್ಪಿಸಿ, ಬರುತ್ತಾರೆ ಎಂದು ಉತ್ತರಿಸಿತು. ಆತ ಇದ್ದದ್ದು ವಿಶಾಖಪಟ್ಟಣದಲ್ಲಿ, ಅದೂ ರಜೆಯ ಮೇಲೆ. ಆಕೆ ಬಾಗಿಲಲ್ಲೇ ಕಾದರು. ಸಂಜೆಯ ಹೊತ್ತಿಗೆ ಗಂಡನನ್ನು ಆಸ್ಪತ್ರೆಗೆ ಹೊತ್ತೊಯ್ಯಬೇಕಾಯಿತು. ಅವರು ಬದುಕಿ ಉಳಿದದ್ದು ನಮ್ಮ ಪುಣ್ಯ.

ಸಭೆಯಲ್ಲಿ ಮ್ಯಾನೇಜರ್ ಆ ಟೂಲಿನ ವಿವರಣೆಯನ್ನು ಪರದೆಯ ಮೇಲೆ ತೋರಿಸಿದರು. ಒಂದಕ್ಕಿಂತ ಹೆಚ್ಚು ಜನ ಸಿಕ್ಕರೆ ಏನು ಮಾಡಬೇಕೆಂಬ ಮಾತೇ ಅದರಲ್ಲಿರಲಿಲ್ಲ. "ಇದನ್ನು ಬರೆದವರು ಯಾರು?"

ವಿವರಣೆಯನ್ನು ನಾನು ಚಿಕ್ಕದು ಮಾಡಿದ್ದು ನೆನಪಿತ್ತು. ಆ ಸಾಲು ಅದರಲ್ಲಿತ್ತೇ ಎಂಬುದು ನೆನಪಿರಲಿಲ್ಲ. ನೆನಪಿಸಿಕೊಳ್ಳಲು ಹೋಗಲೂ ಇಲ್ಲ.

"ನಾನರೀ" ಎಂದು ಮಲ್ಲಪ್ಪ ಸರ್ ಎದ್ದು ನಿಂತರು. "ಆ ಮಾತು ಬರಿಯೂದು ಬಿಟ್ಟೇನಿ. ತಪ್ಪು ನಂದು."

ಆ ವಾರವೇ ಅವರು ಕೊಂಡಪಲ್ಲಿಗೆ ಹೊರಟರು. ಬರುತ್ತೀಯಾ ಎಂದು ಅವರು ಕರೆದದ್ದೋ, ನಾನೇ ಹೊರಟದ್ದೋ ತಿಳಿಯದು. ಆ ಮನೆಯ ಯಜಮಾನರು ಮರದ ಬೊಂಬೆ ಕೆತ್ತುವವರು. ಮೂಗಿಗೆ ಕೊಳವೆ ಇಟ್ಟುಕೊಂಡೇ ಮಂಚದ ಮೇಲಿಂದ ಕೈ ಮುಗಿದರು. ಹೆಂಡತಿ ನಮಗೆ ಮಜ್ಜಿಗೆ ಕೊಟ್ಟು, "ನಿಮ್ಮದೇನು ತಪ್ಪು ಬಾಬು, ಉತ್ತರ ಕಳಿಸಿದ ಆ ಮಿಷನ್‌ದು" ಎಂದು ತೆಲುಗಿನಲ್ಲಿ ಹೇಳಿದರು.

"ಲೇದಮ್ಮಾ. ಮಾದೇ ತಪ್ಪು" ಎಂದರು ಮಲ್ಲಪ್ಪ ಸರ್. ಇಲ್ಲಮ್ಮ, ನಮ್ಮದೇ ತಪ್ಪು. ಪಕ್ಕದಲ್ಲಿದ್ದ ನಾನು ಮಜ್ಜಿಗೆ ಕುಡಿಯುತ್ತಿದ್ದೆ.

ಅಲ್ಲಿಂದ ಅವರು ತಮ್ಮ ಹುಟ್ಟೂರಿಗೆ ಹೋಗುವವರಿದ್ದರು. ವಿಜಯವಾಡದ ಪ್ಲಾಟ್‌ಫಾರ್ಮಿನಲ್ಲಿ ರೈಲು ಬರುವ ಮೊದಲು ನನ್ನ ಭುಜದ ಮೇಲೆ ಕೈ ಇಟ್ಟರು. "ತಮ್ಮಾ, ಒಬ್ಬರು ಬರದದ್ದು ಅಳಸೂಕಿಂತ ಮೊದಲ ಯಾಕ ಬರದೀ ಅಂತ ಒಂದ್ಸಲ ಕೇಳು." ಹಿರಿಯರು ಹೇಳುವ ಬುದ್ಧಿಮಾತೆಂದು ನಾನು ತಲೆಯಾಡಿಸಿದೆ.

ಮತ್ತೆ ಅವರನ್ನು ನೋಡಲಿಲ್ಲ. ಕಚೇರಿ ಅವರನ್ನು ಕೆಲಸದಲ್ಲಿ ಮುಂದುವರಿಸಲಿಲ್ಲ. ಕೆಲವು ತಿಂಗಳ ಮೇಲೆ ಮಗಳು ಫೋನ್ ಮಾಡಿ, "ಅಪ್ಪಾಜಿ ಹೋದ್ರು" ಎಂದರು. ಯಾವ ಅಪ್ಪಾಜಿ ಎಂದು ಕೇಳಬೇಕಾಗಿರಲಿಲ್ಲ.

ಮರುದಿನ, ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಆ ವಿವರಣೆಗೆ ಆದ ತಿದ್ದುಪಡಿಗಳೆಲ್ಲ ಕಂಪ್ಯೂಟರಿನಲ್ಲಿ ಉಳಿದಿರುತ್ತವೆ, ತೆರೆದು ನೋಡಿದೆ. ಸಾಲು ಅಲ್ಲಿತ್ತು: ಒಂದಕ್ಕಿಂತ ಹೆಚ್ಚು ಜನ ಸಿಕ್ಕರೆ ಆರಿಸಬೇಡ, ಕೇಳು. ಅದನ್ನು ತೆಗೆದವನು ನಾನು. ಕಾರಣದ ಜಾಗದಲ್ಲಿ 'ಉದ್ದವಾಯಿತು' ಎಂದು ಬರೆದಿದ್ದೆ. ಅದರ ಕೆಳಗೆ ಮಲ್ಲಪ್ಪ ಸರ್ ಹೆಸರಿನಲ್ಲಿ 'ನೋಡಿದೆ' ಎಂಬ ಒಂದೇ ಪದವಿತ್ತು. ಅದು ಸಭೆ ನಡೆದ ದಿನ, ಸಭೆಗೆ ಒಂದು ಗಂಟೆ ಮೊದಲು ಬರೆದದ್ದು.