ಕೆಟ್ಟ ಡಿಸ್ಕಿನಲ್ಲಿ ವಿಹಾರದ ನೆಲ

ಜಹೀರಾಬಾದಿನ ನಮ್ಮ ಬಾಡಿಗೆ ಮನೆಯ ಮುಂದಿನ ಕೋಣೆಯೇ ನನ್ನ ಆಫೀಸು. ತಾಂಡೂರಿನ ಕಲ್ಲು ಕೊಯ್ಯುವವರಿಗೆ ನಾನು ನೆಲದ ನಕ್ಷೆ ಮಾಡಿಕೊಡುತ್ತೇನೆ. ನೀಲಿ ಕಲ್ಲು ಎಲ್ಲಿ ಕೂಡಬೇಕು, ಹಳದಿ ಎಲ್ಲಿ, ಮೂಲೆಯದನ್ನು ಹೇಗೆ ಕೊಯ್ಯಬೇಕು ಎಂದು ಲ್ಯಾಪ್‌ಟಾಪಿನಲ್ಲಿ ಬರೆದು ಕಳಿಸುವ ಕೆಲಸ. ಹೆಚ್ಚಾಗಿ ಬರುವುದು ಶ್ರೀಮಂತರ ಪಡಸಾಲೆ, ಮದುವೆ ಹಾಲ್. ಆ ವರ್ಷ ತವರಿನ ಕೆಲಸ ಬಂತು. ಮೊಗುಡಂಪಲ್ಲಿ ಹತ್ತಿರದ ನಮ್ಮ ಊರಲ್ಲಿ ನಮ್ಮ ಜನರೆಲ್ಲ ಸೇರಿ ಬುದ್ಧ ವಿಹಾರ ಕಟ್ಟಿಸಿದ್ದರು. ಬೀದರಿನಿಂದ ಇಂಜಿನಿಯರನ್ನು ಕರೆಸೋಣ ಎಂದವರಿಗೆ ನನ್ನ ಕಾಕಾ, ಅಂದರೆ ಅಪ್ಪನ ತಮ್ಮ, "ನಮ್ಮ ಪೋರಿ ಊರ ಮಂದಿಗೆಲ್ಲ ಬರಕೊಡ್ತಾಳ, ನಮಗ ಬರಕೊಡಲ್ಲೇನು?" ಎಂದು ಬಾಯಿ ಮುಚ್ಚಿಸಿದ್ದರಂತೆ.

ವಿಹಾರದ ಹಾಲ್ ಸರಿಯಾದ ಚೌಕವಲ್ಲ. ಒಂದು ಗೋಡೆ ಸೊಟ್ಟ. ಕಾಕಾ ಟೇಪಿನ ಒಂದು ತುದಿ ಹಿಡಿದು, ನಾನು ಇನ್ನೊಂದು ತುದಿ ಹಿಡಿದು ಅಡ್ಡಡ್ಡ ಅಳೆದುಕೊಂಡು ಬಂದಿದ್ದೆವು. ಸುತ್ತಲೂ ಹಳದಿ ಅಂಚು, ನಡುವೆ ನೀಲಿ ಕಲ್ಲಿನ ಧಮ್ಮಚಕ್ರ. ಎರಡೂ ಬೇರೆ ಬೇರೆ ಫೈಲು. ಚಕ್ರಕ್ಕೇ ಹೆಚ್ಚು ದಿನ ಹಿಡಿಯಿತು. ಅರೆಗಳು, ಅಂದರೆ ಚಕ್ರದ ಕಡ್ಡಿಗಳು, ಒಂದಕ್ಕೊಂದು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಬಾರದು ಎಂದು ಮತ್ತೆ ಮತ್ತೆ ತಿದ್ದಿದ್ದೆ. ತಾಂಡೂರಿನ ಕಲ್ಲಿನ ಮಾಲೀಕರು ಫೋನ್ ಮಾಡಿ, "ನಾಳೆ ಮಷೀನ್ ಖಾಲಿ ಅದ ನೋಡ್ರಿ. ಆಮ್ಯಾಲ ದೊಡ್ಡ ಆರ್ಡರ್ ಏರತದ, ಹುಣ್ಣಿಮಿ ತನಕ ನಿಮ್ಮ ಕಡೆ ನೋಡಾಕ ಆಗಲ್ಲ" ಎಂದರು. ವಿಹಾರ ತೆರೆಯುವುದು ಆ ಹುಣ್ಣಿಮೆಗೇ. ಬೆಳಿಗ್ಗೆ ಕಳಿಸುತ್ತೇನೆ ಎಂದೆ.

ಬೆಳಿಗ್ಗೆ ಲ್ಯಾಪ್‌ಟಾಪ್ ಏಳಲಿಲ್ಲ. ಕಪ್ಪು ಪರದೆಯ ಮೇಲೆ ಡಿಸ್ಕ್ ಎರರ್ ಎಂಬ ಬಿಳಿ ಅಕ್ಷರ. ಬಂದ್ ಮಾಡಿ ಮತ್ತೆ ಹಚ್ಚಿದರೆ, ಡಿಸ್ಕ್ ರಿಪೇರಿ ಮಾಡುತ್ತಿದ್ದೇನೆ ಎಂದು ಹೇಳಿಕೊಂಡು ಅಲ್ಲೇ ನಿಂತಿತು. ಒಳಗಿನಿಂದ ಹಲ್ಲಿ ಲೊಚಗುಟ್ಟಿದ ಹಾಗೆ ಸಪ್ಪಳ ಬರುತ್ತಿತ್ತು. ಚಕ್ರದ ಫೈಲು ಬೇರೆಲ್ಲೂ ಇರಲಿಲ್ಲ.

ನನ್ನ ಗಂಡ ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿ ಫಿಟ್ಟರ್. ಅವತ್ತು ಅವರಿಗೆ ರಜೆ. ಬಂದವರೇ ಬಂದ್ ಮಾಡಿ ಮತ್ತೆ ಬಟನ್ ಒತ್ತಲು ಕೈ ಚಾಚಿದರು. ನಾನು ಅವರ ಮಣಿಕಟ್ಟು ಹಿಡಿದೆ.

"ಕೈ ಹಚ್ಚಬ್ಯಾಡ್ರಿ."

"ಇನ್ನೊಂದ್ ಸರ್ತಿ ನೋಡಮು. ರಿಪೇರಿ ಮಾಡ್ತೀನಂತ ಅದೇ ಹೇಳಾಕ ಹತ್ತ್ಯಾದಲ್ಲ, ಮಾಡ್ಲಿ ಬಿಡು."

"ಆ ಸಪ್ಪಳ ಕೇಳ್ರಿ. ಹಚ್ಚಿದಂಗೆಲ್ಲ ಒಳಗಿಂದು ಇನ್ನಷ್ಟು ಹಾಳಾಗ್ತದ. ಮೊದ್ಲ ಫೈಲ್ ಹೊರಗ ತೆಗಿಬೇಕು, ರಿಪೇರಿ ಆಮ್ಯಾಲ."

"ಖರೇ ಗೊತ್ತದೇನು ನಿನಗ?"

ಖಾತ್ರಿಯಾಗಿ ಗೊತ್ತಿರಲಿಲ್ಲ. ಎಲ್ಲೋ ಓದಿದ್ದೆ, ಅಷ್ಟೇ. ಆದರೂ ಗೊತ್ತು ಎಂದೆ.

ಕೆಳಗಿನ ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಕೂತು, ಪೆನ್‌ಡ್ರೈವಿನಿಂದಲೇ ನಡೆಯುವ ಲಿನಕ್ಸ್ ಎಂಬ ಬೇರೆ ಸಿಸ್ಟಮ್ಮನ್ನು ಇಳಿಸಿಕೊಂಡೆ. ಕೆಟ್ಟ ಡಿಸ್ಕಿನ ಮೇಲೆ ಒಂದಕ್ಷರವೂ ಬರೆಯದೆ ಅದರೊಳಗಿನದನ್ನು ಓದಿಕೊಳ್ಳಲು ಅದೊಂದೇ ನನಗೆ ಗೊತ್ತಿದ್ದ ದಾರಿ. ಮೇಲೆ ಬರುವಷ್ಟರಲ್ಲಿ ಗಂಡ ಅಂಗಡಿಯ ಇನ್ವರ್ಟರಿನಿಂದ ಕಿಟಕಿಯ ಮೂಲಕ ವೈರ್ ಎಳೆಯುತ್ತಿದ್ದರು. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಗಿತ್ತು. ನಡುವೆ ಕರೆಂಟ್ ಹೋದರೆ ಎಲ್ಲ ಮುಗಿಯಿತು ಎಂಬುದು ನನಗೆ ಹೊಳೆದಿರಲೇ ಇಲ್ಲ. ಟೇಬಲ್ ಫ್ಯಾನನ್ನೂ ಅದರ ಕಡೆಗೇ ತಿರುಗಿಸಿಟ್ಟಿದ್ದರು.

ಲಿನಕ್ಸ್ ತೆರೆಯಿತು. ಬಹಳ ಹೊತ್ತು ಡಿಸ್ಕ್ ಕಾಣಲಿಲ್ಲ. ಆಮೇಲೆ ಕಂಡಿತು. ಅದನ್ನು ಓದುವುದಕ್ಕೆ ಮಾತ್ರ ಎಂದು ತೆರೆದೆ. ವಿಹಾರ ಎಂಬ ಫೋಲ್ಡರ್ ಅಲ್ಲೇ ಇತ್ತು. ಚಕ್ರದ ಫೈಲನ್ನೇ ಮೊದಲು ಪೆನ್‌ಡ್ರೈವಿಗೆ ಎಳೆದೆ. ಎಷ್ಟು ಬಂತೆಂದು ತೋರಿಸುವ ಹಸಿರು ಪಟ್ಟಿ ಅರ್ಧದವರೆಗೆ ಬಂದು ನಿಂತುಬಿಟ್ಟಿತು. ಸಪ್ಪಳ ಜೋರಾಯಿತು.

"ಕಾಯಿ," ಎಂದರು ಗಂಡ. "ಬರಾಕ ಹತ್ತ್ಯಾದ."

"ಇದಕ್ಕ ಕಾದು ಕುಂತ್ರ ಉಳಿದಿದ್ದೂ ಹೋಗ್ತದ."

ಆಗಲೇ ತಾಂಡೂರಿನ ಫೋನ್ ಬಡಿದುಕೊಳ್ಳತೊಡಗಿತು. ಎತ್ತಲಿಲ್ಲ. ಚಕ್ರವನ್ನು ಬಿಟ್ಟು ಅಂಚಿನ ಫೈಲನ್ನು ಎಳೆದೆ. ಪಟ್ಟಿ ಇರುವೆ ಹರಿದಂತೆ ಹರಿದು ತುದಿ ಮುಟ್ಟಿತು. ಗೋಡೆಗಳ ಅಳತೆಯ ಫೈಲೂ ಬಂತು. ಮತ್ತೆ ಚಕ್ರಕ್ಕೆ ಬಂದೆ. ಡಿಸ್ಕ್ ಒಮ್ಮೆ ಕಿರ್ ಎಂದು ಸುಮ್ಮನಾಯಿತು. ಪರದೆಯಿಂದ ಅದರ ಹೆಸರೇ ಮಾಯವಾಯಿತು. ಬಂದ್ ಮಾಡಿ, ಆರಲು ಬಿಟ್ಟು, ಮತ್ತೆ ಹಚ್ಚಿದೆವು. ಬರಲಿಲ್ಲ.

ಗಂಡ ಫ್ಯಾನ್ ಬಂದ್ ಮಾಡಿ ವೈರ್ ಸುತ್ತತೊಡಗಿದರು. ಅವರು ಬೈದಿದ್ದರೆ ಜಗಳವಾದರೂ ಆಡುತ್ತಿದ್ದೆ.

ಚಕ್ರವನ್ನು ಮತ್ತೆ ಬರೆಯಲು ಬೇರೆ ಕಂಪ್ಯೂಟರ್ ಇರಲಿಲ್ಲ, ದಿನಗಳೂ ಇರಲಿಲ್ಲ. ತಾಂಡೂರಿಗೆ ಫೋನ್ ಮಾಡಿ ಇದ್ದದ್ದು ಇದ್ದಹಾಗೆ ಹೇಳಿ, "ಮಷೀನಿಗೆ ಅಂಚಿನ ಫೈಲ್ ಈಗ ಕಳಸ್ತೀನ್ರಿ. ಚಕ್ರ ಕಾಗದದ ಮ್ಯಾಲ ಕತ್ತರಿಸಿ ತಂದ್ರ ಕೈಲೆ ಕೊಯ್ದು ಕೊಡ್ತೀರೇನ್ರಿ?" ಎಂದು ಕೇಳಿದೆ. ಅವರು ಯಾರೊಂದಿಗೋ ತೆಲುಗಿನಲ್ಲಿ ಮಾತಾಡಿ, "ನಾಳೆ ಮುಂಜಾನೆ ಲಗೂ ತಂದ್ರ ಆತು" ಎಂದರು.

ಕಾಕಾಗೆ ಹೇಳುವುದು ಅದಕ್ಕಿಂತ ಕಷ್ಟವಾಯಿತು. "ಮಂದಿಗೆ ನಾ ಏನ್ ಹೇಳ್ಲಿ?" ಎಂದರು.

"ಏನೂ ಹೇಳಬ್ಯಾಡ್ರಿ. ಹಾಲ್ ಕಸ ಹೊಡಿಸಿ ಇಡ್ರಿ. ನಾ ಬರಾಕ ಹತ್ತೀನಿ."

ನಾವು ಹೋಗುವಷ್ಟರಲ್ಲಿ ವಿಹಾರದ ತುಂಬ ಜನ. ಇಂಜಿನಿಯರ್ ಬೇಕು ಎಂದಿದ್ದವರೂ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು. ನಾನು ಯಾರ ಮುಖವನ್ನೂ ನೋಡದೆ ಕೂತೆ. ಹೆಣ್ಣುಮಕ್ಕಳು ಹಳೆಯ ಪೇಪರುಗಳನ್ನು ಮೈದಾ ಅಂಟಿನಿಂದ ಜೋಡಿಸಿ ಹಾಸಿದರು. ಕಾಕಾ ನಟ್ಟನಡುವೆ ಮೊಳೆ ಒತ್ತಿ ಹಿಡಿದರು. ನಾನು ಮೊಳೆಯ ದಾರದ ತುದಿಗೆ ಸೀಸಕಡ್ಡಿ ಕಟ್ಟಿ ಅವರ ಸುತ್ತ ಮೊಳಕಾಲ ಮೇಲೆ ಸುತ್ತಿದೆ. ಅರೆಗಳ ಅಳತೆ ಎಷ್ಟು ಸಲ ತಿದ್ದಿದ್ದೆನೋ, ತಲೆಯಲ್ಲಿ ಕೂತುಬಿಟ್ಟಿತ್ತು. ಕೊಯ್ಯುವವರಿಗೆ ತಿಳಿಯಲೆಂದು ತುಂಡು ತುಂಡಿಗೂ ತೆಲುಗಿನಲ್ಲಿ ಗುರುತು ಬರೆದೆ. ಕತ್ತರಿ ನಾನೇ ಆಡಿಸಿದೆ. ಹೊತ್ತು ಮುಳುಗುವ ಮುಂಚೆ ಮುಗಿಯಿತು. ಆಗ ಕಾಕಾ ಮೊಳೆ ಬಿಟ್ಟು ಸೊಂಟ ಹಿಡಿದುಕೊಂಡೇ ಎದ್ದರು.

ಮುಂಜಾನೆ ಆ ಕಾಗದದ ಸುರುಳಿಯನ್ನು ಕಂಕುಳಲ್ಲಿ ಅವುಚಿಕೊಂಡು ಬಸ್ಸಿನಲ್ಲಿ ತಾಂಡೂರಿಗೆ ಹೋದೆ. ಕಲ್ಲು ಹುಣ್ಣಿಮೆಗೆ ಮುಂಚೆ ಬಂತು. ಒಂದು ಅರೆ ಸ್ವಲ್ಪ ದಪ್ಪವಾಗಿ ಕೂಡಲೊಲ್ಲದೆ ಅಲ್ಲೇ ಉಜ್ಜಿ ಕೂಡಿಸಿದರು. ಇವತ್ತಿಗೂ ಅದು ಯಾವುದೆಂದು ನನಗೆ ಗೊತ್ತಾಗುತ್ತದೆ, ಬೇರೆಯವರಿಗೆ ಇಲ್ಲ.

ಕಲ್ಲು ಕೂಡಿಸಿ ಮುಗಿದ ದಿನ ಕಾಕಾ ಒಂದು ಬಕೀಟು ನೀರು ತಂದು ಚಕ್ರದ ಮೇಲೆ ಸುರಿದರು. ಧೂಳು ಹರಿದುಹೋಗಿ ನೀಲಿ ಕಪ್ಪಗೆ ಹೊಳೆಯಿತು. ಅವರು ಅದರ ಮೇಲೆ ಕಾಲಿಡದೆ ಸುತ್ತು ಹಾಕಿ ಬಂದು, ಅವತ್ತಿನಂತೆಯೇ ಬಾಗಿಲಲ್ಲಿ ನಿಂತಿದ್ದ ಇಂಜಿನಿಯರ್ ಬೇಕೆಂದವರಿಗೆ, "ಚಪ್ಪಲ್ ಅಲ್ಲೇ ಬಿಡ್ರಿ. ಒಳಗ ಬಂದು ನೋಡ್ರಿ" ಎಂದರು.